ಸದ್ದಾಮ್ ಕೆಟ್ಟವನೇ, ಆದರೆ ಆ ಯುದ್ಧ ಸರಿ ಇತ್ತಾ?

ಪ್ರಶ್ನೆ: ನಮ್ಮ ಕಾಕಾ 1990ರಲ್ಲಿ ಕುವೈತ್‌ನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದರು. ಸದ್ದಾಮ್ ಸೈನ್ಯ ನುಗ್ಗಿದಾಗ ದುಡಿದದ್ದೆಲ್ಲ ಅಲ್ಲೇ ಬಿಟ್ಟು ಅಮ್ಮಾನ್ ಮೇಲೆ ಊರಿಗೆ ಬಂದರು. "ಅಮೆರಿಕದವರು ಇರಾಕ್ ಮೇಲೆ ಹೋಗಿದ್ದು ನೂರಕ್ಕೆ ನೂರು ಸರಿ" ಅನ್ನುತ್ತಾರೆ. ನಮ್ಮ ಅಣ್ಣ ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಓದುತ್ತಿದ್ದಾನೆ. ಅವನ ಪ್ರಕಾರ ಅದು ಎಣ್ಣೆಗಾಗಿ ಮಾಡಿದ ದರೋಡೆ. ಪಂಚಮಿಗೆ ಎಲ್ಲರೂ ಸೇರಿದಾಗ ಮಾತಿಗೆ ಮಾತು ಬೆಳೆದು ಕಾಕಾ ಊಟ ಬಿಟ್ಟು ಎದ್ದು ಹೋದರು. ಈಗ ಉಕ್ರೇನ್ ಸುದ್ದಿ ಬಂದರೂ ಇದೇ ಕಥೆ. ಇಬ್ಬರಲ್ಲಿ ಯಾರು ಸರಿ? ಗದಗದಲ್ಲಿ ಕೂತು ಎಲ್ಲೋ ದೂರದ ಯುದ್ಧಕ್ಕೆ ಜಗಳ ಆಡುವುದರಲ್ಲಿ ಏನಾದರೂ ಅರ್ಥ ಇದೆಯಾ?
ಓದುಗಿ, ಬೆಟಗೇರಿ

ಉತ್ತರ:

ತಂಗಿ, ನಿಮ್ಮ ಕಾಕಾ ಮಾತಾಡುತ್ತಿರುವುದು 1991ರ ಯುದ್ಧದ ಬಗ್ಗೆ. ಅಣ್ಣ ಮಾತಾಡುತ್ತಿರುವುದು 2003ರ ಯುದ್ಧದ ಬಗ್ಗೆ. ಅರ್ಧ ಜಗಳ ಇಲ್ಲೇ ಹುಟ್ಟಿದೆ. ಎರಡರಲ್ಲೂ ಅಮೆರಿಕ ಇತ್ತು, ಇರಾಕ್ ಇತ್ತು, ಸದ್ದಾಮ್ ಹುಸೇನ್ ಇದ್ದ, ಎರಡು ಸಲವೂ ಅಮೆರಿಕದ ಅಧ್ಯಕ್ಷರ ಹೆಸರು ಬುಷ್, ಒಮ್ಮೆ ಅಪ್ಪ, ಒಮ್ಮೆ ಮಗ. ಹಾಗಾಗಿ ಕೇಳಿದವರಿಗೆ ಎಲ್ಲ ಸೇರಿ ಒಂದೇ ಯುದ್ಧ ಅನ್ನಿಸುತ್ತದೆ. ನಾನು ಧಾರವಾಡದಲ್ಲಿ ಅಂತಾರಾಷ್ಟ್ರೀಯ ಕಾನೂನು ಪಾಠ ಮಾಡುತ್ತಿದ್ದಾಗ ಹುಡುಗರು ಪರೀಕ್ಷೆಯಲ್ಲೂ ಇವೆರಡನ್ನು ಕಲಸಿ ಬರೆಯುತ್ತಿದ್ದರು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 1991ರದ್ದು ಸರಿ, 2003ರದ್ದು ತಪ್ಪು. ಆದರೆ ತಪ್ಪು ಅನ್ನುವುದಕ್ಕೆ ಅಣ್ಣ ಕೊಡುವ ಕಾರಣ ಸಾಲದು.

ಕಾಕಾ ಕಣ್ಣಾರೆ ಕಂಡದ್ದರಿಂದ ಶುರು ಮಾಡೋಣ. 1990ರ ಆಗಸ್ಟ್ 2ರ ನಸುಕಿನಲ್ಲಿ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿತು. ಒಂದು ಸ್ವತಂತ್ರ ದೇಶವನ್ನು ನುಂಗಿ "ಇದು ನಮ್ಮ 19ನೇ ಪ್ರಾಂತ್ಯ" ಅಂತ ಸದ್ದಾಮ್ ಘೋಷಿಸಿದ. ಆಗ ಅಲ್ಲಿದ್ದ ನಮ್ಮವರನ್ನು ಕರೆತರಲು ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳು ಅಮ್ಮಾನ್‌ಗೆ ಹಾರಿದವು. ಸುಮಾರು 1.7 ಲಕ್ಷ ಜನ ಮನೆ ಸೇರಿದರು. ಅದರಲ್ಲಿ ನಿಮ್ಮ ಕಾಕಾ ಒಬ್ಬರು. ಬ್ಯಾಂಕಿನಲ್ಲಿದ್ದ ದುಡ್ಡು ಹೋಯಿತು, ಕೆಲಸ ಹೋಯಿತು, ಜೋರ್ಡಾನ್ ಗಡಿಯ ಮರುಭೂಮಿಯಲ್ಲಿ ಡೇರೆಗಳಲ್ಲಿ ಜನ ದಿನಗಟ್ಟಲೆ ಕಾದರು. ಇದನ್ನು ಅನುಭವಿಸಿದವರ ಮುಂದೆ ಕಾನೂನಿನ ಕಲಂ ಹೇಳುವ ಮೊದಲು ಅವರ ಮಾತು ಪೂರ್ತಿ ಕೇಳಬೇಕು. ನಿಮ್ಮ ಅಣ್ಣ ಅದನ್ನು ಮಾಡಿದ ಹಾಗೆ ಕಾಣುವುದಿಲ್ಲ.

ಆ ಸಲ ಕಾನೂನೂ ಕಾಕಾ ಅವರ ಕಡೆಗೇ ಇತ್ತು. 1945ರ ವಿಶ್ವಸಂಸ್ಥೆಯ ಸನ್ನದಿನ ಪ್ರಕಾರ ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗ ಮಾಡುವಂತಿಲ್ಲ. ಎರಡೇ ವಿನಾಯಿತಿ. ನಿಮ್ಮ ಮೇಲೆ ದಾಳಿ ಆದರೆ ನೀವು ಮತ್ತು ನಿಮ್ಮ ಮಿತ್ರರು ಎದುರಿಸಬಹುದು, ಇದು 51ನೇ ವಿಧಿ. ಇಲ್ಲವಾದರೆ ಭದ್ರತಾ ಮಂಡಳಿ ಅನುಮತಿ ಕೊಡಬೇಕು. 1990ರಲ್ಲಿ ಎರಡೂ ಇದ್ದವು. ದಾಳಿ ಆದ ದಿನವೇ ಮಂಡಳಿ "ಹಿಂದಕ್ಕೆ ಹೋಗಿ" ಅಂತ ಠರಾವು ಮಾಡಿತು. ಇರಾಕ್ ಕೇಳಲಿಲ್ಲ. ನವೆಂಬರ್ 29ರಂದು 678ನೇ ಠರಾವು ಬಂತು. 12 ದೇಶಗಳು ಪರ, ಕ್ಯೂಬಾ ಮತ್ತು ಯೆಮನ್ ವಿರೋಧ, ಚೀನಾ ಮತ ಹಾಕಲಿಲ್ಲ. 1991ರ ಜನವರಿ 15ರವರೆಗೆ ಗಡುವು. ಅದು ಮುಗಿದ ಮೇಲೆ ಯುದ್ಧ, ಫೆಬ್ರವರಿ 28ಕ್ಕೆ ಕುವೈತ್ ಬಿಡುಗಡೆ. ಅಪ್ಪ ಬುಷ್ ಬಾಗ್ದಾದ್‌ಗೆ ಹೋಗಲಿಲ್ಲ. ಅನುಮತಿ ಇದ್ದದ್ದು ಕುವೈತ್ ಬಿಡಿಸುವುದಕ್ಕೆ, ಅಲ್ಲಿಗೇ ನಿಂತರು.

ಹಾಗಂತ ಆ ಯುದ್ಧದಲ್ಲಿ ಎಲ್ಲವೂ ಸರಿ ಇತ್ತು ಅಂತ ಅಲ್ಲ. ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ತೆಗೆದು ಎಸೆದರು ಅಂತ ಒಬ್ಬ ಹುಡುಗಿ 1990ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸದರ ಮುಂದೆ ಅಳುತ್ತ ಹೇಳಿದ್ದಳು. ಜಗತ್ತು ಮರುಗಿತು. ಆಮೇಲೆ ನೋಡಿದರೆ ಅವಳು ಕುವೈತ್ ರಾಯಭಾರಿಯ ಮಗಳು, ಆ ಕಥೆಗೆ ಆಧಾರವೇ ಸಿಗಲಿಲ್ಲ. 1991ರ ಫೆಬ್ರವರಿ 13ರಂದು ಬಾಗ್ದಾದ್‌ನ ಅಮಿರಿಯಾ ಆಶ್ರಯತಾಣದ ಮೇಲೆ ಅಮೆರಿಕದ ಬಾಂಬ್ ಬಿದ್ದು 400ಕ್ಕೂ ಹೆಚ್ಚು ಸಾಮಾನ್ಯ ಜನ ಸತ್ತರು. ಯುದ್ಧಕ್ಕೆ ಹೋದದ್ದು ಸರಿಯಾ ಅನ್ನುವುದು ಒಂದು ಲೆಕ್ಕ, ಯುದ್ಧ ಮಾಡಿದ ರೀತಿ ಸರಿಯಾ ಅನ್ನುವುದು ಇನ್ನೊಂದು ಲೆಕ್ಕ. ಒಂದು ಸರಿ ಇದ್ದರೆ ಇನ್ನೊಂದಕ್ಕೆ ಮಾಫಿ ಇಲ್ಲ.

ಈಗ 2003. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜನರ ನೆನಪು ಹೆಚ್ಚು ಕಲಸಿ ಹೋಗಿರುವುದು ಇಲ್ಲೇ. ಇರಾಕ್ ಆ ವರ್ಷ ಯಾರ ಮೇಲೂ ದಾಳಿ ಮಾಡಿರಲಿಲ್ಲ. ಅಮೆರಿಕ ಮತ್ತು ಬ್ರಿಟನ್ ಕೊಟ್ಟ ಮುಖ್ಯ ಕಾರಣ ಒಂದೇ: ಸದ್ದಾಮ್ ಹತ್ತಿರ ರಾಸಾಯನಿಕ, ಜೈವಿಕ ಅಸ್ತ್ರಗಳಿವೆ, ಅಣುಬಾಂಬಿಗೆ ಕೈ ಹಾಕಿದ್ದಾನೆ, ತಡ ಮಾಡಿದರೆ ಅಪಾಯ. 2002ರ ನವೆಂಬರ್ 8ರಂದು ಭದ್ರತಾ ಮಂಡಳಿ 1441ನೇ ಠರಾವನ್ನು 15 ಮತಗಳಿಂದ, ಒಬ್ಬರ ವಿರೋಧವೂ ಇಲ್ಲದೆ ಒಪ್ಪಿತು. ಇರಾಕ್‌ಗೆ ಇದು ಕೊನೆಯ ಅವಕಾಶ, ತಪಾಸಣೆಗೆ ಬಾಗಿಲು ತೆರೆಯಬೇಕು, ಇಲ್ಲದಿದ್ದರೆ ಪರಿಣಾಮ ಗಂಭೀರ ಎಂದು ಅದರಲ್ಲಿತ್ತು. ನಿಮ್ಮ ಅಣ್ಣ ಕಾನೂನು ಓದುವವನು, ಅವನಿಗೆ ಹೇಳಿ, ಆ ದಿನ ಅಮೆರಿಕದ ರಾಯಭಾರಿಯೇ ಮಂಡಳಿಯಲ್ಲಿ ಎದ್ದುನಿಂತು ಈ ಠರಾವಿನಲ್ಲಿ ಯುದ್ಧಕ್ಕೆ ತಾನಾಗಿಯೇ ತೆರೆದುಕೊಳ್ಳುವ ದಾರಿ ಇಲ್ಲ ಎಂದು ಹೇಳಿದ್ದರು. ಬೇರೆ ದೇಶಗಳು ಆ ಭರವಸೆಯ ಮೇಲೆಯೇ ಕೈ ಎತ್ತಿದ್ದು. ಮುಂದೆ ಯುದ್ಧಕ್ಕೆ ಸ್ಪಷ್ಟ ಅನುಮತಿ ಕೊಡುವ ಇನ್ನೊಂದು ಠರಾವಿಗೆ ಅಮೆರಿಕ, ಬ್ರಿಟನ್ ಓಡಾಡಿದವು. ಮತ ಕೂಡಲಿಲ್ಲ. 2003ರ ಮಾರ್ಚ್ 17ರಂದು ಆ ಪ್ರಯತ್ನ ಕೈಬಿಟ್ಟರು. ಮೂರು ದಿನಕ್ಕೆ ಯುದ್ಧ ಶುರು. 1990ರ ಹಳೇ ಅನುಮತಿಯೇ ಮತ್ತೆ ಜೀವ ಪಡೆಯಿತು ಅಂತ ಬ್ರಿಟನ್ ವಾದಿಸಿತು. ಕುವೈತ್ ಬಿಡಿಸಲು ಕೊಟ್ಟ ಅನುಮತಿಯಿಂದ ಹನ್ನೆರಡು ವರ್ಷದ ಮೇಲೆ ಬಾಗ್ದಾದ್ ಹಿಡಿಯಬಹುದು ಅನ್ನುವ ಈ ವಾದವನ್ನು ಬ್ರಿಟನ್ ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಅವರೇ ಒಪ್ಪಲಿಲ್ಲ. ರಾಜೀನಾಮೆ ಕೊಟ್ಟು ಹೊರಬಂದರು.

ತಪಾಸಣೆ ಏನಾಯಿತು? ಇದು ಯಾರ ಬಾಯಲ್ಲೂ ಬರುವುದಿಲ್ಲ, ಅದಕ್ಕೇ ಬೇಸರ. ಹಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ತಪಾಸಣೆಗಾರರು 2002ರ ನವೆಂಬರ್ ಕೊನೆಯಿಂದ ಇರಾಕ್ ಒಳಗೇ ಇದ್ದರು. 700ಕ್ಕೂ ಹೆಚ್ಚು ತಪಾಸಣೆ ಮಾಡಿದರು. 150 ಕಿಲೋಮೀಟರ್ ಮಿತಿ ಮೀರಿ ಹಾರುವ ಅಲ್ ಸಮೂದ್ ಕ್ಷಿಪಣಿಗಳು ಸಿಕ್ಕವು, ಅವರ ಕಣ್ಣೆದುರೇ ಇರಾಕ್ ಅವುಗಳನ್ನು ಹತ್ತಾರು ಸಂಖ್ಯೆಯಲ್ಲಿ ನಾಶ ಮಾಡುತ್ತಿತ್ತು. ಅಂದರೆ ಒತ್ತಡ ಕೆಲಸ ಮಾಡುತ್ತಿತ್ತು. ಮಾರ್ಚ್ 7ರಂದು ಬ್ಲಿಕ್ಸ್ ಮಂಡಳಿಗೆ ಹೇಳಿದ್ದು, ಕೆಲಸ ಮುಗಿಸಲು ವರ್ಷಗಳು ಬೇಡ, ವಾರಗಳು ಸಾಲವು, ತಿಂಗಳುಗಳು ಬೇಕು. ಅದೇ ದಿನ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರದೈ, ಇರಾಕ್ ನೈಜರ್ ದೇಶದಿಂದ ಯುರೇನಿಯಂ ಕೊಳ್ಳಲು ಹೊರಟಿತ್ತು ಅನ್ನುವ ದಾಖಲೆಗಳು ನಕಲಿ ಎಂದು ಬಿಚ್ಚಿಟ್ಟರು. ಆ ಕೆಲವು ತಿಂಗಳು ಕೊಡಲಿಲ್ಲ. 2004ರಲ್ಲಿ ಅಮೆರಿಕವೇ ಕಳಿಸಿದ ಹುಡುಕಾಟದ ತಂಡದ ವರದಿ ಬಂತು. ಅಸ್ತ್ರಗಳ ದಾಸ್ತಾನು ಇರಲೇ ಇಲ್ಲ.

ಒಬ್ಬನ ಮನೆಯಲ್ಲಿ ಕಳ್ಳಮಾಲು ಇದೆ ಅಂತ ವಾರಂಟ್ ಇಲ್ಲದೆ ಬಾಗಿಲು ಒಡೆದು ಒಳಗೆ ಹೋಗುತ್ತಾರೆ, ಗೋಡೆ ಕೆಡವುತ್ತಾರೆ, ಮನೆಯವರು ಸಾಯುತ್ತಾರೆ, ಮಾಲು ಸಿಗುವುದಿಲ್ಲ. ಆಮೇಲೆ "ಅವನು ಹೆಂಡತಿಯನ್ನು ಹೊಡೆಯುತ್ತಿದ್ದ, ನಾವು ಹೋಗಿದ್ದು ಒಳ್ಳೆಯದೇ ಆಯಿತು" ಅಂದರೆ? ಹೊಡೆಯುತ್ತಿದ್ದದ್ದು ಖರೆ ಇರಬಹುದು. ಆದರೆ ಬಾಗಿಲು ಒಡೆಯುವಾಗ ಹೇಳಿದ ಕಾರಣ ಅದಾಗಿರಲಿಲ್ಲ. ಯುದ್ಧ ಸರಿಯೋ ತಪ್ಪೋ ಅನ್ನುವುದನ್ನು ಯುದ್ಧಕ್ಕೆ ಮೊದಲು ಕೊಟ್ಟ ಕಾರಣದ ಮೇಲೆ ತೂಗಬೇಕು. ಆಗ ಏನು ಗೊತ್ತಿತ್ತು, ಏನು ಗೊತ್ತುಮಾಡಿಕೊಳ್ಳಬಹುದಿತ್ತು, ಬೇರೆ ದಾರಿ ಉಳಿದಿತ್ತಾ, ಇದಿಷ್ಟು ಕೇಳಬೇಕು. ಆಮೇಲೆ ಹುಡುಕಿ ತಂದ ಕಾರಣವನ್ನು ಒಪ್ಪುತ್ತ ಹೋದರೆ ಜಗತ್ತಿನಲ್ಲಿ ತಪ್ಪು ಯುದ್ಧ ಅಂತ ಒಂದೂ ಉಳಿಯುವುದಿಲ್ಲ.

ಕಾಕಾ ಇಲ್ಲಿ ಕೇಳುವ ಪ್ರಶ್ನೆ ನನಗೆ ಗೊತ್ತು. "ಹಂಗಾದರೆ ಸದ್ದಾಮ್‌ನನ್ನು ಹಾಗೇ ಬಿಡಬೇಕಿತ್ತೇನು?" ಈ ಪ್ರಶ್ನೆಯನ್ನು ಹಗುರ ಮಾಡಬಾರದು. 1988ರ ಮಾರ್ಚ್ 16ರಂದು ಉತ್ತರ ಇರಾಕ್‌ನ ಹಲಬ್ಜಾ ಊರಿನ ಮೇಲೆ ಅವನ ವಿಮಾನಗಳು ವಿಷಾನಿಲ ಸುರಿದವು. ಸುಮಾರು 5,000 ಕುರ್ದರು, ಹೆಂಗಸರು ಮಕ್ಕಳು ಸೇರಿ, ಬೀದಿಯಲ್ಲೇ ಸತ್ತು ಬಿದ್ದರು. 1991ರಲ್ಲಿ ದಂಗೆ ಎದ್ದ ದಕ್ಷಿಣದ ಶಿಯಾಗಳನ್ನು ಸಾವಿರಗಟ್ಟಲೆ ಕೊಂದ. ಕುರ್ದಿಸ್ತಾನದಲ್ಲಿ ಇವತ್ತಿಗೂ 2003ರ ಯುದ್ಧ ಸರಿ ಅನ್ನುವವರು ಬಹಳ ಇದ್ದಾರೆ, ಅವರಿಗೆ ಆ ಹಕ್ಕಿದೆ. ಆದರೆ ಹಲಬ್ಜಾ ನಡೆದಾಗ ಪಶ್ಚಿಮದ ದೇಶಗಳು ಇರಾನ್ ವಿರುದ್ಧ ಇದೇ ಸದ್ದಾಮ್‌ನ ಬೆನ್ನಿಗೆ ನಿಂತಿದ್ದವು. ತಡೆಯಬೇಕಾಗಿದ್ದದ್ದು ಆಗ. 2003ರಲ್ಲಿ ಆ ಪ್ರಮಾಣದ ಕೊಲೆ ನಡೆಯುತ್ತಿರಲಿಲ್ಲ. ಸದ್ದಾಮ್‌ನ ಕ್ರೌರ್ಯವನ್ನು ವರ್ಷಗಟ್ಟಲೆ ದಾಖಲಿಸಿದ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯೇ 2004ರಲ್ಲಿ, ಜನರನ್ನು ಉಳಿಸಲು ಮಾಡಿದ ಯುದ್ಧ ಎಂದು ಇದನ್ನು ಕರೆಯಲಾಗದು ಅಂತ ಬರೆಯಿತು.

ನಮ್ಮ 1971ರ ಬಾಂಗ್ಲಾ ಯುದ್ಧದ ಉದಾಹರಣೆಯನ್ನೂ ಕಾಕಾ ಎತ್ತಬಹುದು. ಎತ್ತಲಿ, ಅದು ಒಳ್ಳೆಯ ಪ್ರಶ್ನೆ. ಆಗ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಕದನವಿರಾಮಕ್ಕೆ ಮತ ಹಾಕಿದವು, ನಮ್ಮ ಕಡೆ ಇದ್ದದ್ದು 11. ಆದರೂ ನಾನು ಆ ಯುದ್ಧ ಸರಿ ಅನ್ನುತ್ತೇನೆ. ಪೂರ್ವ ಪಾಕಿಸ್ತಾನದಲ್ಲಿ ಕಗ್ಗೊಲೆ ಆ ಹೊತ್ತಿಗೇ ನಡೆಯುತ್ತಿತ್ತು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ಗಡಿ ದಾಟಿ ಬಂದಿದ್ದರು. ಇಂದಿರಾ ಗಾಂಧಿ ತಿಂಗಳುಗಟ್ಟಲೆ ದೇಶ ದೇಶ ಸುತ್ತಿ ಕೇಳಿಕೊಂಡರು, ಯಾರೂ ತಡೆಯಲಿಲ್ಲ. ಮುಕ್ತಿವಾಹಿನಿಗೆ ನಾವು ಮೊದಲೇ ನೆರವು ಕೊಡುತ್ತಿದ್ದೆವು, ಗಡಿಯಲ್ಲಿ ನವೆಂಬರ್‌ನಿಂದಲೇ ಕಾಳಗ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಡಿಸೆಂಬರ್ 3ರ ಸಂಜೆ ನಮ್ಮ ವಾಯುನೆಲೆಗಳ ಮೇಲೆ ಪಾಕಿಸ್ತಾನ ಬಾಂಬ್ ಹಾಕಿತು. 16ಕ್ಕೆ ಯುದ್ಧ ಮುಗಿಯಿತು, 1972ರ ಮಾರ್ಚ್ ಹೊತ್ತಿಗೆ ನಮ್ಮ ಸೈನ್ಯ ಢಾಕಾ ಬಿಟ್ಟು ಬಂತು. ಇರಾಕ್‌ನಲ್ಲಿ ಅಮೆರಿಕದ ಸೈನ್ಯ ಎಂಟು ವರ್ಷಕ್ಕೂ ಹೆಚ್ಚು ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೋಲಿಕೆ ನಿಲ್ಲುವುದಿಲ್ಲ.

ಇನ್ನು ಅಣ್ಣನ ಎಣ್ಣೆ ವಾದ. ಎಣ್ಣೆ ಇಲ್ಲದ ನಾಡಿನಲ್ಲಿ ಇಷ್ಟೆಲ್ಲ ಆಗುತ್ತಿರಲಿಲ್ಲ, ಅದು ನಿಜ. ಆದರೆ "ಎಣ್ಣೆ ದೋಚಲು ಹೋದರು" ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಮುಂದಿನ ಸಂಗತಿ ಹೊಂದುವುದಿಲ್ಲ. 2009ರಲ್ಲಿ ಇರಾಕ್ ಸರ್ಕಾರ ತೈಲಬಾವಿಗಳನ್ನು ಹರಾಜು ಹಾಕಿದಾಗ ದೊಡ್ಡದಾದ ರುಮೈಲಾ ಸಿಕ್ಕಿದ್ದು ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸರ್ಕಾರಿ ಕಂಪನಿಗೆ. ಪಶ್ಚಿಮ ಕುರ್ನಾದ ಒಂದು ಭಾಗ ರಷ್ಯಾದ ಲುಕಾಯಿಲ್ ಪಾಲಾಯಿತು. ಅಮೆರಿಕದ ಎಕ್ಸಾನ್‌ಗೂ ಒಂದು ಪಾಲು ಸಿಕ್ಕಿತು, ಎಲ್ಲವೂ ಅಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹುಟ್ಟಿದ ಭಯ, ಒಂದು ಸರ್ವಾಧಿಕಾರಿಯನ್ನು ಕಿತ್ತರೆ ಇಡೀ ಪ್ರದೇಶ ಬದಲಾಗುತ್ತದೆ ಅನ್ನುವ ಅತಿಯಾದ ನಂಬಿಕೆ, ತಮಗೆ ಬೇಕಾದ ಸುದ್ದಿಯನ್ನು ಮಾತ್ರ ನಂಬುವ ಗುಪ್ತಚರ ಇಲಾಖೆ, ಇವೆಲ್ಲ ಕೂಡಿ ಆ ಯುದ್ಧ ಆಯಿತು. ಜೈವಿಕ ಅಸ್ತ್ರ ತಯಾರಿಸುವ ಓಡಾಡುವ ಲಾರಿಗಳಿವೆ ಅಂತ ಹೇಳಿದ ಇರಾಕಿ ಮಾಹಿತಿದಾರ 2011ರಲ್ಲಿ ತಾನು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡ. ಅವನ ಮಾತಿನ ಮೇಲೆಯೇ ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್ 2003ರ ಫೆಬ್ರವರಿ 5ರಂದು ಭದ್ರತಾ ಮಂಡಳಿಯಲ್ಲಿ ಚಿತ್ರ ತೋರಿಸಿ ವಾದಿಸಿದ್ದರು. ಲೋಭಕ್ಕಿಂತ ಇಂಥ ಖಾತ್ರಿಯೇ ಹೆಚ್ಚು ಅಪಾಯಕಾರಿ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಅದು ಒಳ್ಳೆಯವರನ್ನೂ ಕರೆದುಕೊಂಡು ಹೋಗುತ್ತದೆ.

"ಆಗ ಎಲ್ಲರೂ ನಂಬಿದ್ದರು ಅಲ್ವಾ" ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲರೂ ನಂಬಿರಲಿಲ್ಲ. ಬ್ರಿಟನ್ ಮಂತ್ರಿಮಂಡಲದಲ್ಲಿದ್ದ ರಾಬಿನ್ ಕುಕ್ ಮಾರ್ಚ್ 17ರಂದು ಹುದ್ದೆ ಬಿಟ್ಟು, ಇರಾಕ್ ಬಳಿ ಜನ ಅಂದುಕೊಂಡಂಥ ಅಸ್ತ್ರ ಬಹುಶಃ ಇಲ್ಲ ಎಂದು ಸಂಸತ್ತಿನಲ್ಲೇ ಹೇಳಿದರು. ಮರುದಿನ ಅಲ್ಲಿ 412 ಮತ ಯುದ್ಧದ ಕಡೆ, 149 ವಿರೋಧ. ಅಮೆರಿಕದ ಸೆನೆಟ್‌ನಲ್ಲಿ 23 ಜನ ಬೇಡ ಅಂದಿದ್ದರು. ತುರ್ಕಿಯ ಸಂಸತ್ತಿನಲ್ಲಿ ಮಾರ್ಚ್ 1ರಂದು ಏನಾಯಿತು ನೋಡಿ. ಅಮೆರಿಕದ ಸೈನ್ಯಕ್ಕೆ ತಮ್ಮ ನೆಲದಿಂದ ದಾರಿ ಕೊಡಬೇಕಾ ಅಂತ ಮತಕ್ಕೆ ಹಾಕಿದರು. 264 ಪರ, 250 ವಿರೋಧ, 19 ತಟಸ್ಥ. ಪರ ಇದ್ದವರೇ ಜಾಸ್ತಿ, ಆದರೆ ಹಾಜರಿದ್ದವರ ಅರ್ಧಕ್ಕಿಂತ ಹೆಚ್ಚು ಬೇಕಿತ್ತು, ಮೂರು ಮತ ಕಡಿಮೆ ಬಿತ್ತು. ದಾರಿ ಸಿಗಲಿಲ್ಲ. ಫೆಬ್ರವರಿ 15ರಂದು ಲಂಡನ್, ರೋಮ್ ಮುಂತಾದ ನೂರಾರು ಊರುಗಳಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದಿದ್ದರು. 2016ರಲ್ಲಿ ಬ್ರಿಟನ್ನಿನ ಚಿಲ್ಕಾಟ್ ವಿಚಾರಣಾ ವರದಿ ಬಂದಾಗ ಅದರಲ್ಲಿದ್ದದ್ದು ಈ ಜನ ಅವತ್ತೇ ಹೇಳಿದ ಮಾತು: ಶಾಂತಿಯ ದಾರಿಗಳು ಮುಗಿದಿರಲಿಲ್ಲ, ಯುದ್ಧ ಕೊನೆಯ ಉಪಾಯ ಆಗಿರಲಿಲ್ಲ. ಅಮೆರಿಕದಲ್ಲಿ ಯುದ್ಧ ಶುರುವಾದಾಗ ನೂರಕ್ಕೆ ಸುಮಾರು 70 ಜನ ಸರಿ ಅಂದಿದ್ದರು. 15 ವರ್ಷದ ಮೇಲೆ ಜನಾಭಿಪ್ರಾಯ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆ ಕೇಳಿದಾಗ ಅದು 43ಕ್ಕೆ ಇಳಿದಿತ್ತು. ಅಷ್ಟರೊಳಗೆ ಇರಾಕ್‌ನಲ್ಲಿ ಒಂದೊಂದಾಗಿ ಎಣಿಸಿ ದಾಖಲಿಸಿದ ಸಾಮಾನ್ಯ ನಾಗರಿಕರ ಸಾವೇ ಒಂದು ಲಕ್ಷ ದಾಟಿತ್ತು. ಸುಮಾರು 4,500 ಅಮೆರಿಕನ್ ಸೈನಿಕರೂ ಸತ್ತಿದ್ದರು.

ಗದಗದಲ್ಲಿ ಕೂತು ಜಗಳಾಡಿ ಏನು ಬಂತು ಅಂತ ಕೇಳಿದ್ದೀರಿ. ಬಹಳ ಬಂತು ತಂಗಿ. 1990ರಲ್ಲಿ ಕುವೈತ್ ಬಿದ್ದಾಗ ತೈಲದ ಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣ ಕುಗ್ಗಿತು. ಮೊದಲೇ ಸೋತಿದ್ದ ನಮ್ಮ ವಿದೇಶಿ ವಿನಿಮಯ ಇನ್ನಷ್ಟು ಕುಸಿದು, 1991ರಲ್ಲಿ ದೇಶ ಬಂಗಾರ ಅಡ ಇಡುವ ಸ್ಥಿತಿಗೆ ಬಂತು. ಯುದ್ಧ ದೂರದ್ದೇ, ಪೆಟ್ಟು ನಮ್ಮ ಅಂಗಳದ್ದು. 2003ರಲ್ಲಿ ಇನ್ನೂ ಹತ್ತಿರ ಬಂದಿತ್ತು. ಇರಾಕ್ ಕಾಯಲು ಭಾರತದ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿತು. ಅದೂ ಒಂದು ಇಡೀ ಡಿವಿಜನ್ ಲೆಕ್ಕದಲ್ಲಿ. ದಿಲ್ಲಿಯಲ್ಲಿ ಕಳಿಸೋಣ ಅನ್ನುವವರು ಕಡಿಮೆ ಇರಲಿಲ್ಲ. ಆದರೆ ಏಪ್ರಿಲ್‌ನಲ್ಲೇ ಲೋಕಸಭೆ ಸರ್ವಾನುಮತದಿಂದ ಆ ದಾಳಿಯನ್ನು ಖಂಡಿಸಿತ್ತು, ಪತ್ರಿಕೆಗಳಲ್ಲಿ, ಪಕ್ಷಗಳಲ್ಲಿ, ಮನೆಗಳಲ್ಲಿ ವಾದ ನಡೆದಿತ್ತು. ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಅಂದಿತು. ಒಂದು ತಿಂಗಳು ಕಳೆದ ಮೇಲೆ ಬಾಗ್ದಾದ್‌ನ ವಿಶ್ವಸಂಸ್ಥೆಯ ಕಚೇರಿಯೇ ಬಾಂಬಿಗೆ ಉರುಳಿ 22 ಜನ ಸತ್ತರು. ನಮ್ಮ ಧಾರವಾಡ, ಗದಗ, ಬೆಳಗಾವಿ ಭಾಗದಿಂದ ಎಷ್ಟೊಂದು ಹುಡುಗರು ಸೈನ್ಯದಲ್ಲಿದ್ದಾರೆ ಅನ್ನುವುದು ನಿಮಗೇ ಗೊತ್ತು. ಆ ವಾದ ನಡೆಯದೇ ಹೋಗಿದ್ದರೆ ಅವರಲ್ಲಿ ಕೆಲವರು ಆ ವರ್ಷ ಇರಾಕ್‌ನಲ್ಲಿ ಇರುತ್ತಿದ್ದರು.

ಉಕ್ರೇನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆ ಯುದ್ಧದ ಸಾವು ನಮ್ಮ ಹಾವೇರಿ ಜಿಲ್ಲೆಯ ಮನೆಗೂ ಮುಟ್ಟಿದೆ, ಹಾಗಾಗಿ ಸುಮ್ನೆ ಟಿವಿ ಚರ್ಚೆ ಅಂತ ಬಿಡಬೇಡಿ. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡುವಾಗ 51ನೇ ವಿಧಿಯ ಹೆಸರು ಹೇಳಿತು, ಪೂರ್ವ ಉಕ್ರೇನ್‌ನ ಡಾನ್‌ಬಾಸ್‌ನಲ್ಲಿ ನರಮೇಧ ನಡೆದಿದೆ ಅಂದಿತು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಮಾರ್ಚ್ 16ರಂದು, ಆ ಆರೋಪಕ್ಕೆ ಪುರಾವೆ ತನ್ನ ಮುಂದೆ ಇಲ್ಲ ಎಂದು ಹೇಳಿ ಯುದ್ಧ ನಿಲ್ಲಿಸಲು ಆದೇಶಿಸಿತು. ಮಹಾಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿದವು, 5 ವಿರೋಧಿಸಿದವು, ಭಾರತ ಸೇರಿ 35 ತಟಸ್ಥ ಉಳಿದವು. ನಮ್ಮ ಸರ್ಕಾರ ತಟಸ್ಥ ಇದ್ದದ್ದಕ್ಕೆ ಆಯುಧ, ತೈಲ, ಅಲ್ಲಿ ಸಿಕ್ಕಿಕೊಂಡ ನಮ್ಮ ವಿದ್ಯಾರ್ಥಿಗಳು, ಹೀಗೆ ಬೇರೆ ಕಾರಣಗಳಿವೆ. ಅದರಿಂದ ರಷ್ಯಾ ಮಾಡಿದ್ದು ಸರಿ ಆಗುವುದಿಲ್ಲ. ಆ ದಿನದ ಭಾಷಣದಲ್ಲಿ ಪುಟಿನ್ ಇರಾಕ್ ಹೆಸರು ಎತ್ತಿದ್ದರು, ನೀವು ಮಾಡಲಿಲ್ಲವೇ ಅನ್ನುವ ಧಾಟಿಯಲ್ಲಿ. ಹಾಗಾಗಿ ಕಾಕಾ 2003ರದ್ದನ್ನೂ ಸರಿ ಅಂದರೆ, ರಷ್ಯಾವನ್ನು ಯಾವ ನಿಯಮ ಹಿಡಿದು ಬೈಯುತ್ತಾರೆ ಅಂತ ಮೆಲ್ಲಗೆ ಕೇಳಿ. ಅಣ್ಣ ಇರಾಕ್‌ಗೆ ಒಂದು ನಿಯಮ, ಉಕ್ರೇನ್‌ಗೆ ಇನ್ನೊಂದು ನಿಯಮ ಇಟ್ಟುಕೊಂಡಿದ್ದರೆ ಅವನನ್ನೂ ಬಿಡಬೇಡಿ. ಅದಕ್ಕೂ ಮೊದಲು, 1990ರ ಆಗಸ್ಟ್‌ನಲ್ಲಿ ಕುವೈತ್‌ನಿಂದ ಅಮ್ಮಾನ್‌ವರೆಗೆ ಹೇಗೆ ಬಂದಿರಿ ಅಂತ ಕಾಕಾ ಅವರನ್ನು ಅಣ್ಣನ ಎದುರಿಗೇ ಕೇಳಿ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುವಂತೆ ಅಣ್ಣನಿಗೆ ಹೇಳಿ.